ತಿಂಡಿ ‘ಎಸೆದ’ ಹೋಮ್‌ಸ್ಟೇ ಮತ್ತು ಇತರ ಪ್ರಶ್ನೆಗಳು

ಓದುಗರ ಪ್ರಶ್ನೆ, ಟೀಚರ್ ಉತ್ತರ

ಕಳೆದ ಸಂಚಿಕೆಯಲ್ಲಿ ಸೀ, ಲುಕ್, ವಾಚ್‌ಗಳ ಜಗಳ ಬಿಡಿಸಿದ್ದೆ. ಈ ಸಲ ಎಸೆತದ ಸರದಿ. ಶಾಲೆಗಳಲ್ಲಿ ಕ್ರೀಡಾಕೂಟದ ಕಾಲವಾದ್ದರಿಂದಲೋ ಏನೋ, ಬಂದ ಕಾಗದಗಳಲ್ಲಿ ಹೆಚ್ಚಿನವು ಎಸೆಯುವುದು, ಬೀಸುವುದು, ಬಿಸಾಡುವುದರ ಮೇಲೇ ಇವೆ. ಒಂದೇ ಥರದವನ್ನು ಒಟ್ಟು ಮಾಡಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದರಿಂದ ಎಲ್ಲರದ್ದೂ ಊರು ಮಾತ್ರ.

ಪ್ರಶ್ನೆ: ನಮ್ಮದು ಸಣ್ಣ ಹೋಮ್‌ಸ್ಟೇ. ಬೆಂಗಳೂರಿನಿಂದ ಬಂದಿದ್ದ ದಂಪತಿ ಊರಿಗೆ ಹೋದ ಮೇಲೆ ‘ದಿ ಓನರ್ ಈವನ್ ಥ್ರೂ ಇನ್ ಎ ಫ್ರೀ ಬ್ರೇಕ್‌ಫಾಸ್ಟ್’ ಎಂದು ಬರೆದಿದ್ದಾರೆ. ನೂಪುಟ್ಟು, ಚಟ್ನಿ, ಜೇನು ಎಲ್ಲವನ್ನೂ ನನ್ನ ಹೆಂಡತಿ ಕೂರಿಸಿ ಬಡಿಸಿದ್ದಾಳೆ. ನಾವು ತಿಂಡಿ ಎಸೆದೆವು ಎಂದರೆ ಏನರ್ಥ? ಖಾರವಾಗಿಯೇ ಉತ್ತರ ಕೊಡಬೇಕೆಂದಿದ್ದೇನೆ. — ಕಕ್ಕಬ್ಬೆ

ಉತ್ತರ: ದಯವಿಟ್ಟು ಕೊಡಬೇಡಿ ಮಾರಾಯರೇ, ಅದು ಹೊಗಳಿಕೆ! ಸಂತೆಯಲ್ಲಿ ತರಕಾರಿ ತೂಗಿದ ಮೇಲೆ ಅಂಗಡಿಯಾಕೆ ಒಂದು ಹಿಡಿ ಕೊತ್ತಂಬರಿಯನ್ನು ಚೀಲಕ್ಕೆ ಹಾಕುತ್ತಾಳಲ್ಲ, ಆ ಕೊಸರಿಗೆ ಇಂಗ್ಲಿಷಿನವರು ‘ಥ್ರೋ ಇನ್’ ಎನ್ನುತ್ತಾರೆ. ಮಾತಾಡಿಕೊಂಡ ದರದ ಒಳಗೆ ಇಲ್ಲದ್ದನ್ನು ಬಿಟ್ಟಿಯಾಗಿ ಸೇರಿಸಿ ಕೊಡುವುದು. ವಾಕ್ಯದಲ್ಲಿ ‘ಈವನ್’ ಇದೆ ನೋಡಿ, ‘ತಿಂಡಿಯನ್ನೂ ಕೊಟ್ಟರು ಕಣ್ರೀ’ ಎನ್ನುವ ಸಂತೋಷ ಅದರಲ್ಲಿದೆ. ನಿಮ್ಮಾಕೆಗೆ ಹೇಳಿ, ನೂಪುಟ್ಟಿಗೆ ನ್ಯಾಯ ಸಿಕ್ಕಿದೆ.

ನೀವು ಜೊತೆಗೆ ಕಳಿಸಿದ ಜಾಹೀರಾತಿನ ಬಗ್ಗೆ ಮಾತ್ರ ನನ್ನ ತಕರಾರಿದೆ. ತಡಿಯಂಡಮೋಳ್‌ನಿಂದ ‘ಎ ಸ್ಟೋನ್ಸ್ ಥ್ರೋ’ ದೂರದಲ್ಲಿದ್ದೇವೆ ಎಂದು ಹಾಕಿಸಿದ್ದೀರಿ. ಕೈಯಿಂದ ಕಲ್ಲೆಸೆದರೆ ಹೋಗಿ ಬೀಳುವಷ್ಟು ಹತ್ತಿರ ಎಂದು ಅದರ ಅರ್ಥ. 1,748 ಮೀಟರ್ ಎತ್ತರದ ಶಿಖರದಿಂದ ಎಸೆದ ಕಲ್ಲು ನಿಮ್ಮ ಹೆಂಚಿನ ಮೇಲೆ ಬೀಳುವುದಾದರೆ ಅತಿಥಿಗಳು ಬರುವುದಿಲ್ಲ. ಕನ್ನಡದಲ್ಲಿ ನಾವು ‘ಕೂಗಳತೆ’ ಎನ್ನುತ್ತೇವೆ. ಅದೂ ನಿಮ್ಮ ವಿಷಯದಲ್ಲಿ ಸುಳ್ಳೇ. ಎಷ್ಟು ಕಿಲೋಮೀಟರ್ ಎಂದು ಅಂಕಿ ಹಾಕಿಬಿಡಿ.

ಇದೇ ಸಾಲಿನಲ್ಲಿ ಇನ್ನೂ ಕೆಲವರು ಕೇಳಿದ್ದಾರೆ. ‘ಥ್ರೋ ಎ ಪಾರ್ಟಿ’ ಎಂದರೆ ಪಾರ್ಟಿ ಕೊಡುವುದು. ‘ಥ್ರೋ ಎ ಟ್ಯಾಂಟ್ರಮ್’ ಎಂದರೆ ಮಗು ನೆಲಕ್ಕೆ ಬಿದ್ದು ರಚ್ಚೆ ಹಿಡಿಯುವುದು (ದೊಡ್ಡವರೂ ಹಿಡಿಯುತ್ತಾರೆ, ಬೀಳುವುದಿಲ್ಲ ಅಷ್ಟೆ). ‘ಥ್ರೋ ಲೈಟ್ ಆನ್’ ಎಂಬುದಕ್ಕೆ ನಾವು ಬೆಳಕು ಚೆಲ್ಲುತ್ತೇವೆ. ‘ಥ್ರೋ ಅಪ್’ ಎಂದರೆ ವಾಂತಿ. ಹಾಗಾಗಿ ವಾಲಿಬಾಲ್ ಆಡುವಾಗ ಹುಡುಗರಿಗೆ ‘ಥ್ರೋ ಅಪ್, ಥ್ರೋ ಅಪ್’ ಎಂದು ಕೂಗಬೇಡಿ. ರೂಮಿನ ಸಾಮಾನಿನ ಪಟ್ಟಿಯಲ್ಲಿ ‘ಥ್ರೋಸ್’ ಎಂದು ಕಂಡರೆ ಗಾಬರಿ ಬೇಡ, ಸೋಫಾದ ಮೇಲೆ ಹಾಸುವ ಅಲಂಕಾರದ ಹೊದಿಕೆ ಅದು.

ಪ್ರಶ್ನೆ: ಜಾವೆಲಿನ್ ಥ್ರೋ, ಡಿಸ್ಕಸ್ ಥ್ರೋ, ಹ್ಯಾಮರ್ ಥ್ರೋ. ಆದರೆ ಗುಂಡು ಎಸೆತ ಮಾತ್ರ ಶಾಟ್ ಥ್ರೋ ಅಲ್ಲ, ಶಾಟ್ ಪುಟ್. ಪುಟ್ ಎಂದರೆ ಇಡುವುದಲ್ಲವೇ? ಮಕ್ಕಳು ಕೇಳಿದರೆ ಏನು ಹೇಳಲಿ? — ದೈಹಿಕ ಶಿಕ್ಷಕರು, ಶನಿವಾರಸಂತೆ

ಉತ್ತರ: ಕ್ರೀಡಾಕೂಟದ ಆಮಂತ್ರಣ ಪತ್ರ ಬರೆದುಕೊಡುವ ಕೆಲಸ ನಮ್ಮ ಶಾಲೆಯಲ್ಲಿ ನನ್ನ ಪಾಲಿಗೇ ಬೀಳುತ್ತಿತ್ತು, ಈ ಪ್ರಶ್ನೆ ಆಗಿನಿಂದ ಪರಿಚಯ. ಪುಟ್ ಎಂಬ ಕ್ರಿಯಾಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ನೂಕು, ತಳ್ಳು ಎಂಬ ಅರ್ಥವೂ ಇತ್ತು. ಇಡುವ ಅರ್ಥ ಮಿಕ್ಕ ಕಡೆಯೆಲ್ಲ ಗೆದ್ದು ನಿಂತಿತು, ನೂಕುವ ಅರ್ಥ ಈ ಗುಂಡಿನ ಜೊತೆ ಉಳಿದುಕೊಂಡಿತು. ಉಳಿದದ್ದೂ ಸರಿಯೇ, ಏಕೆಂದರೆ ಗುಂಡನ್ನು ಎಸೆಯುವುದು ನಿಯಮಕ್ಕೆ ವಿರುದ್ಧ! ಗುಂಡು ಕುತ್ತಿಗೆಗೋ ಗಲ್ಲಕ್ಕೋ ತಾಗಿಕೊಂಡಿರಬೇಕು, ಇಲ್ಲವೇ ತೀರಾ ಹತ್ತಿರವಿರಬೇಕು. ಒಂದೇ ಕೈ. ಆ ಕೈ ಅಲ್ಲಿಂದ ಕೆಳಗಿಳಿಯಬಾರದು, ಭುಜದ ಗೆರೆಯ ಹಿಂದಕ್ಕೂ ಹೋಗಬಾರದು. ಗಂಡಸರ ಗುಂಡು 7.26 ಕಿಲೋ, ಹೆಂಗಸರದ್ದು 4 ಕಿಲೋ. ಅಷ್ಟು ಭಾರವನ್ನು ಚೆಂಡಿನ ಹಾಗೆ ಕೈ ಹಿಂದಕ್ಕೆ ಎಳೆದು ಬೀಸಿದರೆ ಭುಜದ ಗತಿ ಏನು ಎಂದು ಮಕ್ಕಳನ್ನೇ ಕೇಳಿ.

ಜಾವೆಲಿನ್ ಹಾಗಲ್ಲ. 800 ಗ್ರಾಮಿನ ಭರ್ಜಿಯನ್ನು ನೀರಜ್ ಚೋಪ್ರಾ ಟೋಕಿಯೊದಲ್ಲಿ 87.58 ಮೀಟರ್ ದಾಟಿಸಿ 2021ರಲ್ಲಿ ಚಿನ್ನ ತಂದದ್ದು ಕೈ ಪೂರ್ತಿ ಹಿಂದಕ್ಕೆ ಹೋಗಿ ಮುಂದಕ್ಕೆ ಬೀಸಿದ್ದರಿಂದ. ಅದು ಅಪ್ಪಟ ಥ್ರೋ. ಹಾಗೆ ನೋಡಿದರೆ ನಮ್ಮ ಪತ್ರಿಕೆಗಳ ‘ಗುಂಡು ಎಸೆತ’ವೇ ತಪ್ಪು ಎನ್ನಬಹುದು, ‘ಗುಂಡು ನೂಕು’ ಆಗಬೇಕಿತ್ತು. ರೂಢಿಯಾಗಿದೆ, ಇರಲಿ ಬಿಡಿ. ಬಿಟ್ಟಂಗಾಲದ ಮೈದಾನದಲ್ಲಿ ಗಾಲ್ಫ್ ಆಡುವವರು ಕೊನೆಗೆ ಚೆಂಡನ್ನು ಮೆಲ್ಲಗೆ ಗುಳಿಗೆ ತಳ್ಳುವ ‘ಪಟ್’ ಕೂಡ ಈ ಪುಟ್‌ನ ಸ್ಕಾಟ್ಲೆಂಡಿನ ತಮ್ಮ.

ಪ್ರಶ್ನೆ: ‘ಥ್ರೋ ಟು’, ‘ಥ್ರೋ ಆ್ಯಟ್’ ಎರಡೂ ಒಂದೇ ಅಲ್ಲವೇ? — ಪಿಯುಸಿ ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ಅಲ್ಲವೇ ಅಲ್ಲ. ‘ಥ್ರೋ ದ ಬಾಲ್ ಟು ಹರ್’ ಎಂದರೆ ಅವಳು ಹಿಡಿಯಲಿ ಎಂದು ಎಸೆಯುವುದು. ‘ಥ್ರೋ ದ ಬಾಲ್ ಆ್ಯಟ್ ಹರ್’ ಎಂದರೆ ಅವಳಿಗೆ ತಾಗಲಿ ಎಂದು. ಮೊದಲನೆಯದು ಥ್ರೋಬಾಲ್ ಆಟ, ಎರಡನೆಯದು ಜಗಳ. ಕನ್ನಡದಲ್ಲಿ ‘ಅವಳಿಗೆ ಎಸೆದೆ’, ‘ಅವಳ ಮೇಲೆ ಎಸೆದೆ’ ಎಂದು ವಿಭಕ್ತಿ ಬದಲಿಸಿ ಇದನ್ನೇ ಹೇಳುತ್ತೇವೆ, ಆದರೆ ‘ಅವಳಿಗೆ ಕಲ್ಲೆಸೆದೆ’ ಎಂದರೂ ನಮ್ಮಲ್ಲಿ ನಡೆಯುತ್ತದೆ, ಕಲ್ಲು ಯಾಕೆ ಹೋಯಿತು ಎಂದು ಕೇಳಿದವರಿಗೆ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಅಷ್ಟು ಸಡಿಲ ಇಲ್ಲ. ‘ಐ ಥ್ರೂ ಎ ಸ್ಟೋನ್ ಟು ದ ಡಾಗ್’ ಎಂದು ಬರೆದರೆ ನಾಯಿಗೆ ಆಡಲು ಕಲ್ಲು ಕೊಟ್ಟ ಹಾಗಾಗುತ್ತದೆ. ‘ಶೌಟ್ ಟು’, ‘ಶೌಟ್ ಆ್ಯಟ್’ ಕೂಡ ಇದೇ ಲೆಕ್ಕ: ದೂರದಲ್ಲಿದ್ದವರನ್ನು ಕರೆಯುವುದು ಟು, ಗದರುವುದು ಆ್ಯಟ್.

ಪ್ರಶ್ನೆ: ನಾನು ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತೇನೆ. ಕುಂಡೆ ಹಬ್ಬದ ಇಂಗ್ಲಿಷ್ ವರದಿಗಳಲ್ಲೆಲ್ಲ ‘ಹರ್ಲ್ ಅಬ್ಯೂಸಸ್’ ಎಂದೇ ಇರುತ್ತದೆ. ಬೈಗುಳಕ್ಕೆ ಥ್ರೋ ಎನ್ನದೆ ಹರ್ಲ್ ಎನ್ನುವುದೇಕೆ? — ಗೋಣಿಕೊಪ್ಪ

ಉತ್ತರ: ಒಳ್ಳೆಯ ಪ್ರಶ್ನೆ, ಎರಡು ತುಂಡಾಗಿ ಉತ್ತರಿಸುತ್ತೇನೆ.

ಮೊದಲು ವ್ಯಾಕರಣ. ಬೈಗುಳದ ಅರ್ಥದಲ್ಲಿ ‘ಅಬ್ಯೂಸ್’ಗೆ ಬಹುವಚನವಿಲ್ಲ. ‘ಹರ್ಲ್ ಅಬ್ಯೂಸ್’ ಎಂದರೆ ಮುಗಿಯಿತು. ಬಹುವಚನವೇ ಬೇಕೆಂದರೆ ‘ಇನ್ಸಲ್ಟ್ಸ್’ ಇದೆ. ‘ಅಬ್ಯೂಸಸ್’ ನಮ್ಮ ದೇಶದ ಪತ್ರಿಕೆಗಳ ಮಾಲು.

ಇನ್ನು ಹರ್ಲ್. ಎಸೆತದ ಮಾತುಗಳಲ್ಲಿ ರಭಸ ಹೆಚ್ಚಿರುವುದು ಇದಕ್ಕೆ. ಪೂರ್ತಿ ಬಲ ಹಾಕಿ, ದೂರಕ್ಕೆ, ಬಹುಪಾಲು ಸಿಟ್ಟಿನಲ್ಲಿ. ಪೊಲೀಸರ ಮೇಲೆ ಕಲ್ಲು ಹರ್ಲ್ ಮಾಡುತ್ತಾರೆ, ಅಮ್ಮನ ಕೈಗೆ ಬೀಗದ ಕೈ ಹರ್ಲ್ ಮಾಡುವುದಿಲ್ಲ. ಬೈಗುಳವೂ ಕಲ್ಲಿನ ಹಾಗೆ ತಾಗುತ್ತದೆ ಎಂದು ಅದರ ಜೊತೆ ಸೇರಿಕೊಂಡಿದೆ. ಕನ್ನಡದಲ್ಲಿ ನಾವು ಬೈಗುಳದ ಮಳೆ ಸುರಿಸುತ್ತೇವೆ, ಅವರು ಬೀಸಿ ಒಗೆಯುತ್ತಾರೆ.

ಆದರೆ ದೇವರಪುರದ ಈ ಕುಂಡೆ ಹಬ್ಬಕ್ಕೆ ಆ ಮಾತು ಹೊಂದುತ್ತದೆಯೇ? ನನಗೆ ಅನುಮಾನ. ಮೇ ತಿಂಗಳಲ್ಲಿ ಗೋಣಿಕೊಪ್ಪ, ತಿತಿಮತಿ ರಸ್ತೆಯಲ್ಲಿ ಬಂದವರಿಗೆಲ್ಲ ಗೊತ್ತು: ತೋಟಗಳಲ್ಲಿ ದುಡಿಯುವ ಆದಿವಾಸಿ ಗಂಡಸರು ಸೀರೆ, ಲಂಗ ತೊಟ್ಟು, ಮುಖಕ್ಕೆ ಬಣ್ಣ ಬಳಿದುಕೊಂಡು, ಪ್ಲಾಸ್ಟಿಕ್ ಡಬ್ಬ, ಸೋರೆಬುರುಡೆ ಬಡಿಯುತ್ತ ವಾಹನ ನಿಲ್ಲಿಸಿ, ಒಳಗೆ ಕೂತವರು ಯಾರೇ ಇರಲಿ, ರಾಗವಾಗಿ ಬೈಯುತ್ತಾರೆ. ಕೈಗೆ ಕಾಸು ಬಿದ್ದರೆ ಮುಂದಿನ ಕಾರು. ಇವರನ್ನು ಬೇಟೆಗೆಂದು ಕಾಡಿಗೆ ಕರೆದುಕೊಂಡು ಹೋದ ಅಯ್ಯಪ್ಪ ದೇವರು, ಭದ್ರಕಾಳಿಯನ್ನು ಕಂಡು ಇವರನ್ನು ನಡುವೆಯೇ ಬಿಟ್ಟು ಅವಳ ಹಿಂದೆ ಹೋದನಂತೆ. ಆ ಸಿಟ್ಟಿಗೆ ದೇವರಿಗೇ ಬೈಗುಳ ಎಂದು ಕಥೆ. ಆ ಒಂದು ದಿನ ತೋಟದ ಸಾಹುಕಾರರೂ ಬೈಸಿಕೊಂಡು ನಗಬೇಕು. ಇದರಲ್ಲಿ ಲಯ ಇದೆ, ಕುಣಿತ ಇದೆ, ವರ್ಷದ ಲೆಕ್ಕ ಚುಕ್ತಾ ಮಾಡುವ ಖುಷಿ ಇದೆ. ಹರ್ಲ್ ಎಂದೊಡನೆ ದೂರದ ಓದುಗ ಗಲಭೆ ನಡೆದಿದೆ ಎಂದುಕೊಳ್ಳುತ್ತಾನೆ. ‘ಸಿಂಗ್ ಇನ್ಸಲ್ಟ್ಸ್’ ಎಂದು ಬರೆದು ನೋಡಿ, ಹಬ್ಬ ಕಣ್ಣಿಗೆ ಬರುತ್ತದೆ. ನಿಮ್ಮ ಉಪಸಂಪಾದಕರು ಅದನ್ನು ಹೊಡೆದು ಮತ್ತೆ ಹರ್ಲ್ ಎಂದೇ ಹಾಕಬಹುದು, ಅದು ಬೇರೆ ವಿಷಯ.

ಹಾಕಿ ಊರಿನವರಿಗೆ ಒಂದು ಸ್ವಾರಸ್ಯ. ಐರ್ಲೆಂಡಿನಲ್ಲಿ ‘ಹರ್ಲಿಂಗ್’ ಎಂಬ ಆಟವಿದೆ. ನಮ್ಮ ಹಾಕಿಯ ಹಾಗೆಯೇ ಕೋಲು, ಸಣ್ಣ ಚೆಂಡು, ಆದರೆ ತಂಡಕ್ಕೆ 15 ಮಂದಿ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಅಂಗೈಯಿಂದ ಹೊಡೆದು ದಾಟಿಸಬಹುದು. ಎಸೆದರೆ ಮಾತ್ರ ಫೌಲ್! ಹೆಸರು ಹರ್ಲಿಂಗ್, ಎಸೆತ ನಿಷಿದ್ಧ. 1997ರಲ್ಲಿ ಕರಡದಲ್ಲಿ ಶುರುವಾದ ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಅವರದೊಂದು ತಂಡ ಬಂದು ನೋಡಬೇಕಿತ್ತು.

ಪ್ರಶ್ನೆ: ಸೈನ್ಯದಲ್ಲಿ ಗ್ರೆನೇಡ್ ತರಬೇತಿ ಕೊಡುವಾಗ ನಮ್ಮ ಉಸ್ತಾದರು ಒಮ್ಮೆ ‘ಥ್ರೋ’ ಎನ್ನುತ್ತಿದ್ದರು, ಒಮ್ಮೆ ‘ಲಾಬ್’ ಎನ್ನುತ್ತಿದ್ದರು. ಆಗ ಕೇಳುವ ಧೈರ್ಯ ಇರಲಿಲ್ಲ. — ನಿವೃತ್ತ ಸುಬೇದಾರರು, ಪೊನ್ನಂಪೇಟೆ

ಉತ್ತರ: ಸುಬೇದಾರರೇ, ಇದು ನಿಮಗೆ ಮೈಯಲ್ಲಿ ಗೊತ್ತಿರುವ ವಿಷಯ, ನಾನು ಬರೀ ಹೆಸರು ಹೇಳುತ್ತೇನೆ. ಲಾಬ್ ಎಂದರೆ ವೇಗ ಕಡಿಮೆ, ಎತ್ತರ ಹೆಚ್ಚು. ನಡುವೆ ಇರುವ ಗೋಡೆ, ದಿಬ್ಬ, ಮನುಷ್ಯರನ್ನು ದಾಟಿ ಆಚೆ ಬೀಳಬೇಕು. ಟೆನಿಸ್ಸಿನಲ್ಲಿ ಬಲೆಯ ಹತ್ತಿರ ಬಂದವನ ತಲೆಯ ಮೇಲಿಂದ ಚೆಂಡು ಕಳಿಸುವುದೂ ಲಾಬ್.

ಮಳೆಗಾಲದಲ್ಲಿ ಗದ್ದೆ ಬದುವಿನ ಮೇಲೆ ನಿಂತು ಅಗೆ ಕಟ್ಟು ಎಸೆಯುವವರನ್ನು ನೋಡಿರುತ್ತೀರಿ. ನಮ್ಮ ಗದ್ದೆಯಲ್ಲಿ ಆ ಕೆಲಸ ಮಾಡುವ ಹಿರಿಯರು ಕಟ್ಟಿನ ಎಲೆ ತುದಿ ಹಿಡಿದು, ಕೈಯನ್ನು ಮೊಣಕಾಲಿನ ಹತ್ತಿರದಿಂದ ಮೇಲಕ್ಕೆ ಬೀಸಿ, ಎದೆಯ ಮಟ್ಟ ದಾಟಿದೊಡನೆ ಬಿಡುತ್ತಾರೆ. ಕಟ್ಟು ನಾಟಿ ಹೆಂಗಸರ ತಲೆಯ ಮೇಲಿಂದ ಹೋಗಿ, ಬೇರಿನ ಕಡೆ ಭಾರವಿರುವುದರಿಂದ ಗಾಳಿಯಲ್ಲೇ ಹೊರಳಿ, ಬೇರು ಕೆಳಗಾಗಿ ಅವರ ಹಿಂದೆ ಕೆಸರಿನಲ್ಲಿ ನೆಟ್ಟಗೆ ಕೂರುತ್ತದೆ. ಯಾರ ಬೆನ್ನಿಗೂ ಒಂದು ಹನಿ ಸಿಡಿಯುವುದಿಲ್ಲ. ಅದು ಲಾಬ್. ರಜೆಗೆ ಬಂದ ಮೊಮ್ಮಗ ಅದೇ ಕಟ್ಟನ್ನು ನೇರ ಬೀಸುತ್ತಾನೆ, ನಾಲ್ಕು ಜನರ ಮುಖಕ್ಕೆ ಕೆಸರು ಹಾರುತ್ತದೆ. ಅದು ಥ್ರೋ, ಆಮೇಲೆ ಅವನಿಗೆ ಸಿಗುವುದು ಹರ್ಲ್.

ಪ್ರಶ್ನೆ: ಕ್ರಿಕೆಟ್ ಕಾಮೆಂಟರಿಯಲ್ಲಿ ‘ಹೀ ಹ್ಯಾಡ್ ಎ ಶೈ ಆ್ಯಟ್ ದ ಸ್ಟಂಪ್ಸ್’ ಎಂದರು. ಶೈ ಎಂದರೆ ನಾಚಿಕೆ. ಸ್ಟಂಪನ್ನು ಕಂಡು ಯಾರು ನಾಚಿಕೊಂಡರು? — ವಿರಾಜಪೇಟೆ

ಉತ್ತರ: ಯಾರೂ ನಾಚಿಕೊಳ್ಳಲಿಲ್ಲ. ಗುರಿಯಿಟ್ಟು ತಟ್ಟನೆ ಎಸೆಯುವುದಕ್ಕೂ ‘ಶೈ’ ಎಂಬ ಮಾತಿದೆ. ಇಂಗ್ಲೆಂಡಿನ ಜಾತ್ರೆಗಳಲ್ಲಿ ‘ಕೋಕೊನಟ್ ಶೈ’ ಎಂಬ ಆಟ ಇರುತ್ತದೆ. ಕಂಬಗಳ ಮೇಲೆ ತೆಂಗಿನಕಾಯಿ ಕೂರಿಸಿರುತ್ತಾರೆ, ಕಾಸು ಕೊಟ್ಟು ಮರದ ಚೆಂಡು ತೆಗೆದುಕೊಂಡು ಎಸೆಯಬೇಕು, ಉರುಳಿಸಿದವನಿಗೆ ಕಾಯಿ. ಕೈಲ್‌ಪೊಳ್ದ್ ಹಬ್ಬದ ದಿನ ಮರದ ತುದಿಗೆ ಕಾಯಿ ಕಟ್ಟಿ ಕೋವಿಯಲ್ಲಿ ಹೊಡೆಯುವ ವಿರಾಜಪೇಟೆಯವರಿಗೆ ಇದು ಮಕ್ಕಳಾಟ ಅನ್ನಿಸಬಹುದು. ತೆಂಗು ಬೆಳೆಯದ ನಾಡಿನಲ್ಲಿ ಕಾಯಿಗೆ ಅಷ್ಟು ಮರ್ಯಾದೆ ಎಂದು ಇಟ್ಟುಕೊಳ್ಳಿ.

ಕ್ರಿಕೆಟ್ ಬಂದದ್ದರಿಂದ ಇನ್ನೊಬ್ಬರ ಪ್ರಶ್ನೆಗೂ ಇಲ್ಲೇ ಉತ್ತರ. ಬೌಲ್ ಮಾಡುವುದು ಥ್ರೋ ಅಲ್ಲ. ಬೌಲ್ ಎಂಬ ಮಾತಿನ ಮೂಲ ಚೆಂಡನ್ನು ನೆಲದಲ್ಲಿ ಉರುಳಿಸುವುದರಲ್ಲಿದೆ. ಕೈಯನ್ನು ತಲೆಯ ಮೇಲೆ ಎತ್ತಿ ಬೌಲ್ ಮಾಡಲು ನಿಯಮ ಒಪ್ಪಿದ್ದು 1864ರಲ್ಲಿ. ಈಗಲೂ ಮೊಣಕೈ ಮಡಿಸಿ ನೆಟ್ಟಗೆ ಮಾಡಿದರೆ ಅದು ಥ್ರೋ, ಆಡುಮಾತಿನಲ್ಲಿ ‘ಚಕ್’. 1995ರ ಡಿಸೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ಅಂಪೈರ್ ಡ್ಯಾರೆಲ್ ಹೇರ್ ಮುತ್ತಯ್ಯ ಮುರಳೀಧರನ್‌ಗೆ ಮತ್ತೆ ಮತ್ತೆ ನೋಬಾಲ್ ಕೊಟ್ಟಾಗ ಜಗತ್ತಿಗೆಲ್ಲ ಪರಿಚಯವಾದ ಮಾತು ಇದು. ಆಮೇಲೆ ಅಳತೆ, ಪರೀಕ್ಷೆ ಎಲ್ಲ ಆಗಿ ಎಲ್ಲ ಬೌಲರುಗಳಿಗೂ 15 ಡಿಗ್ರಿಯವರೆಗೆ ವಿನಾಯಿತಿ ಬಂತು. ಮನೆಮಾತಿನಲ್ಲಿ ‘ಚಕ್ ಇಟ್’ ಎಂದರೆ ‘ಬಿಸಾಡು ಅತ್ಲಾಗೆ’.

ಪ್ರಶ್ನೆ: ರೆಸಾರ್ಟಿನ ಬೋರ್ಡಿನಲ್ಲಿ ‘ಲರ್ನ್ ಟು ಥ್ರೋ ಎ ಪಾಟ್’ ಎಂದಿತ್ತು. ಮಡಕೆ ಎಸೆಯಲು ಕಲಿಯುವುದಕ್ಕೂ ಫೀಸೇ? — ಮಾದಾಪುರ

ಉತ್ತರ: ತಿಗರಿ ಮೇಲೆ ಮಣ್ಣಿಟ್ಟು ಮಡಕೆ ಮಾಡುವುದಕ್ಕೆ ‘ಥ್ರೋ’ ಎನ್ನುತ್ತಾರೆ. ಇದು ಹೊಸ ಅರ್ಥವಲ್ಲ, ಆ ಮಾತಿನ ಹುಟ್ಟಿನ ಅರ್ಥವೇ ಇದು! ಹಳೆಯ ಇಂಗ್ಲಿಷಿನಲ್ಲಿ ಥ್ರೋ ಎಂದರೆ ತಿರುಚು, ತಿರುಗಿಸು. ಜರ್ಮನ್ ಭಾಷೆಯಲ್ಲಿ ಅದರ ಒಡಹುಟ್ಟಾದ ‘ಡ್ರೇಯನ್’ ಇವತ್ತಿಗೂ ತಿರುಗಿಸು ಎಂದೇ ಇದೆ. ಎಸೆಯುವಾಗ ಕೈ, ಸೊಂಟ ತಿರುಗುತ್ತದಲ್ಲ, ಆ ದಾರಿಯಲ್ಲಿ ಅರ್ಥ ಜಾರಿಕೊಂಡು ಬಂದಿದೆ. ಕುಂಬಾರರು ಮಾತ್ರ ಹಳೆಯದನ್ನು ಬಿಡಲಿಲ್ಲ. ರೇಷ್ಮೆಯವರೂ ಬಿಟ್ಟಿಲ್ಲ: ಎಳೆಗಳನ್ನು ಹುರಿ ಮಾಡುವ ಕೆಲಸಕ್ಕೆ ‘ಸಿಲ್ಕ್ ಥ್ರೋಯಿಂಗ್’ ಎಂದೂ, ಮಾಡುವವನಿಗೆ ‘ಥ್ರೋಸ್ಟರ್’ ಎಂದೂ ಹೆಸರು. ಫೀಸು ಜಾಸ್ತಿಯೇ ಎಂಬುದನ್ನು ನಾನು ಹೇಳಲಾರೆ.

ಪ್ರಶ್ನೆ: ‘ಬ್ರಾಡ್‌ಕಾಸ್ಟ್’ ಎಂದು ಗೊಬ್ಬರದ ಬಗ್ಗೆ ಕಾಫಿ ಬುಲೆಟಿನ್ನಿನಲ್ಲಿ ಬರೆದಿದ್ದರು. ರೇಡಿಯೊದವರ ಮಾತು ತೋಟಕ್ಕೆ ಹೇಗೆ ಬಂತು? — ಚೆಟ್ಟಳ್ಳಿ

ಉತ್ತರ: ಉಲ್ಟಾ. ತೋಟದವರ ಮಾತು ರೇಡಿಯೊಗೆ ಹೋಯಿತು. ಕಾಸ್ಟ್ ಎಂದರೂ ಎಸೆತವೇ, ಹಳೆಯ ನಾರ್ಸ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಬೀಜವನ್ನು ಸಾಲು ಹಿಡಿಯದೆ ಕೈ ಅಗಲಿಸಿ ಎರಚುವುದು ಬ್ರಾಡ್‌ಕಾಸ್ಟ್. ಸಸಿಮಡಿಯಲ್ಲಿ ಮೊಳಕೆ ಬತ್ತ ಎರಚುತ್ತೇವಲ್ಲ, ಅದೇ. ರೇಡಿಯೊ ಬಂದಾಗ, ದನಿಯನ್ನು ಒಬ್ಬರಿಗೆ ಎಂದಿಲ್ಲದೆ ಊರಿಗೆಲ್ಲ ಚೆಲ್ಲುವ ಕೆಲಸಕ್ಕೆ ಈ ಮಾತನ್ನು ಎತ್ತಿಕೊಂಡರು. 1922ರಲ್ಲಿ ಹುಟ್ಟಿದ ಬಿಬಿಸಿಯ ಹೆಸರಿನ ನಡುವಿನ ಬಿ ಅದೇ. ನಮ್ಮವರು ಎರಚಲಿಲ್ಲ, ಸೀದಾ ಆಕಾಶಕ್ಕೇ ಹೋದರು: ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಶುರು ಮಾಡಿದ ಕೇಂದ್ರದ ಹೆಸರು ಆಕಾಶವಾಣಿ, ಇವತ್ತು ಮಡಿಕೇರಿ ಕೇಂದ್ರದ ಹೆಸರಿನಲ್ಲೂ ಅದೇ ಇದೆ. ‘ಬಿತ್ತರಿಸು’ ಎಂಬ ಚಂದದ ಕನ್ನಡ ಮಾತೂ ಇದೆ. ಕಿವಿಗೆ ಬಿತ್ತನೆಯ ನೆಂಟ ಅನ್ನಿಸಿದರೂ ಅದು ‘ವಿಸ್ತಾರ’ದ ತದ್ಭವ.

ಕಾಸ್ಟ್ ಎಲ್ಲೆಲ್ಲಿ ಬರುತ್ತದೆ ಎಂದರೆ: ಬಲೆ ಬೀಸುವುದು, ಗಾಳ ಹಾಕುವುದು (ವಾಲ್ನೂರಿನಲ್ಲಿ ಮಹಶೀರ್ ಮೀನಿಗೆ ಗಾಳ ಹಾಕಿದವರ ಬಾಯಲ್ಲಿ ಕೇಳಿರುತ್ತೀರಿ), ಮತ ಹಾಕುವುದು, ನೋಟ ಬೀರುವುದು, ನೆರಳು ಚೆಲ್ಲುವುದು, ಲೋಹ ಎರಕ ಹೊಯ್ಯುವುದು. ನಾವು ಒಂದೊಂದಕ್ಕೂ ಬೇರೆ ಕ್ರಿಯಾಪದ ಇಟ್ಟುಕೊಂಡು ಸುಖವಾಗಿದ್ದೇವೆ. ಇವತ್ತು ಚೆಂಡನ್ನು ಯಾರೂ ಕಾಸ್ಟ್ ಮಾಡುವುದಿಲ್ಲ. ಭೂತಕಾಲದಲ್ಲೂ ಕಾಸ್ಟ್ ಎಂದೇ, ‘ಕಾಸ್ಟೆಡ್’ ಬೇಡ. ಜಾತಿ ಎಂಬ ಅರ್ಥದ ‘ಕಾಸ್ಟ್’ಗೂ ಇದಕ್ಕೂ ಸಂಬಂಧವಿಲ್ಲ. ಅದು ಪೋರ್ಚುಗೀಸರ ‘ಕಾಸ್ತ’ದಿಂದ ಬಂದದ್ದು, ಇಂಗ್ಲಿಷಿನಲ್ಲಿ ಕೊನೆಗೆ ಒಂದು ‘ಇ’ ಅಕ್ಷರ ಹೆಚ್ಚಿಗೆ ಇರುತ್ತದೆ. ಅರ್ಜಿ ತುಂಬುವಾಗ ಆ ‘ಇ’ ಬಿಡಬೇಡಿ.

ಪ್ರಶ್ನೆ: ರಿಜೆಕ್ಟ್, ಇಂಜೆಕ್ಟ್, ಪ್ರಾಜೆಕ್ಟ್, ಆಬ್ಜೆಕ್ಟ್. ಈ ‘ಜೆಕ್ಟ್’ ಯಾರು? — ಕೋರ್ಟಿನ ಟೈಪಿಸ್ಟ್, ಮಡಿಕೇರಿ

ಉತ್ತರ: ಈ ತಿಂಗಳ ನನ್ನ ಮೆಚ್ಚಿನ ಪ್ರಶ್ನೆ. ಲ್ಯಾಟಿನ್ನಿನಲ್ಲಿ ಎಸೆಯುವುದಕ್ಕಿದ್ದ ಕ್ರಿಯಾಪದದ ತುಣುಕು ಅದು. ರಿಜೆಕ್ಟ್ ಎಂದರೆ ಹಿಂದಕ್ಕೆ ಎಸೆ. ಇಂಜೆಕ್ಟ್, ಒಳಕ್ಕೆ ಎಸೆ. ಪ್ರಾಜೆಕ್ಟ್, ಮುಂದಕ್ಕೆ ಎಸೆ. ಎಜೆಕ್ಟ್, ಹೊರಕ್ಕೆ. ವಾಕ್ಯದ ನಡುವೆ ಎಸೆದ ‘ಅಯ್ಯೋ’ ಇಂಟರ್‌ಜೆಕ್ಷನ್. ಸಮುದ್ರದೊಳಕ್ಕೆ ಚಾಚಿದ ಜೆಟ್ಟಿ, ಮುಳುಗುವ ಹಡಗಿನಿಂದ ಸಾಮಾನು ಎಸೆದು ಭಾರ ಇಳಿಸುವ ‘ಜೆಟಿಸನ್’, ಎಲ್ಲ ಒಂದೇ ಮನೆಯವು.

ನಿಮ್ಮ ಕೋರ್ಟಿನ ‘ಆಬ್ಜೆಕ್ಷನ್’ ಎಂದರೆ ಎದುರಿಗೆ ಎಸೆದದ್ದು. ಈಗ ಅದರ ಕನ್ನಡ ಟೈಪ್ ಮಾಡಿ: ಆಕ್ಷೇಪ. ಸಂಸ್ಕೃತದ ‘ಕ್ಷಿಪ್’ ಧಾತುವಿಗೂ ಎಸೆ ಎಂದೇ ಅರ್ಥ. ಅಲ್ಲಿ ವಕೀಲರು ಎಸೆದದ್ದನ್ನೇ ಇಲ್ಲಿಯೂ ಎಸೆದಿದ್ದಾರೆ. ಪ್ರಾಜೆಕ್ಟರಿಗೆ ಪ್ರಕ್ಷೇಪಕ ಎನ್ನುವುದೂ ಹೀಗೇ, ಮುಂದಕ್ಕೆ ಎಸೆಯುವ ಯಂತ್ರ. ಕೆಳಗೆ ಎಸೆದು ಇಟ್ಟದ್ದು ನಿಕ್ಷೇಪ. ಕೈ ಎಸೆದರೆ ಹಸ್ತಕ್ಷೇಪ. ಪರದೆ ಎಸೆದರೆ ಪಟಾಕ್ಷೇಪ. ಕಾವ್ಯದಲ್ಲಿ ಬೇರೆ ಯಾರೋ ನಡುವೆ ತುರುಕಿದ ಪದ್ಯ ಪ್ರಕ್ಷಿಪ್ತ. ಅತ್ತಿತ್ತ ಎಸೆದಾಡುವ ಮನಸ್ಸು ವಿಕ್ಷಿಪ್ತ. ಕ್ಷಿಪಣಿ ಹೇಗೂ ಗೊತ್ತು, ಎಸೆದ ಹಾಗೆ ಬೇಗನೆ ಆಗುವುದು ಕ್ಷಿಪ್ರ. ಗ್ರೀಕರ ಎಸೆತ ‘ಬಲ್ಲೈನ್’. ಮುಂದಕ್ಕೆ ಎಸೆದದ್ದು ‘ಪ್ರಾಬ್ಲಮ್’, ಒಟ್ಟಿಗೆ ಎಸೆದದ್ದು ‘ಸಿಂಬಲ್’, ಅತಿಯಾಗಿ ಆಚೆಗೆ ಎಸೆದದ್ದು ‘ಹೈಪರ್ಬೊಲಿ’, ಅಂದರೆ ಅತಿಶಯೋಕ್ತಿ. ತಮಾಷೆ ನೋಡಿ, ಒಟ್ಟಿಗೆ ಎಸೆದಾಗ ಗ್ರೀಕರಿಗೆ ಸಂಕೇತ ಸಿಕ್ಕಿತು, ಸಂಸ್ಕೃತದವರಿಗೆ ‘ಸಂಕ್ಷೇಪ’ ಸಿಕ್ಕಿತು. ನಾನೂ ಈಗ ಸಂಕ್ಷೇಪ ಮಾಡಬೇಕು, ಸಂಪಾದಕರು ಪುಟ ಎಣಿಸುತ್ತಿದ್ದಾರೆ.

ಪ್ರಶ್ನೆ: ಹೋಟೆಲಿನ ಮೆನುವಿನಲ್ಲಿ ‘ಪೋರ್ಕ್ ಟಾಸ್ಡ್ ಇನ್ ಕಾಚಂಪುಳಿ’. ಪತ್ರಿಕೆಯಲ್ಲಿ ‘ಟಾಸ್ಡ್ ಬೈ ಎಲಿಫೆಂಟ್’. ಎರಡೂ ಒಂದೇ ಟಾಸೇ? — ಸಿದ್ದಾಪುರ

ಉತ್ತರ: ಒಂದೇ. ಟಾಸ್‌ನಲ್ಲಿ ಮುಖ್ಯವಾದದ್ದು ಮೇಲಕ್ಕೆ ಹಾರುವುದು. ನಾಣ್ಯ ಹಾರುತ್ತದೆ, ಬಾಣಲೆ ಕುಲುಕಿದಾಗ ಮಾಂಸದ ತುಂಡು ಹಾರಿ ಮಗುಚಿಕೊಳ್ಳುತ್ತದೆ. ಮೊರದಲ್ಲಿ ಅಕ್ಕಿ ಕೇರುವ ಕೈಯೇ ಅದು. ಅಂದಹಾಗೆ ಕಾಚಂಪುಳಿ ಎಂಬ ಕಪ್ಪು ಹುಳಿ ಹಾಕಿದ ನಿಜವಾದ ಪಂದಿಕರಿ (ಹಂದಿಮಾಂಸದ ಸಾರು) ಕುದಿದು ಬೇಯುವುದು, ಹಾರುವುದಲ್ಲ. ಟಾಸ್ಡ್ ಎಂದಿದ್ದರೆ ಅದು ಫ್ರೈ ಎಂದು ತಿಳಿದು ಆರ್ಡರ್ ಮಾಡಿ.

ಆನೆ ಸೊಂಡಿಲಿನಿಂದ ಎತ್ತಿ ಹಾರಿಸಿದರೆ ಟಾಸ್, ಹಿಡಿದು ಬೀಸಿ ಪಕ್ಕಕ್ಕೆ ಒಗೆದರೆ ಫ್ಲಿಂಗ್. ಫ್ಲಿಂಗ್‌ಗೆ ರಭಸ ಉಂಟು, ಗುರಿ ಇಲ್ಲ. ಸಿಟ್ಟಿನಲ್ಲಿ ಚೀಲವನ್ನು ಮೂಲೆಗೆ ಫ್ಲಿಂಗ್ ಮಾಡುತ್ತೇವೆ, ಬಾಗಿಲನ್ನು ಧಡಾರನೆ ತೆರೆಯುವುದೂ ಫ್ಲಿಂಗ್. ನಾಣ್ಯದಿಂದ ಬಂದ ಹಗುರ ಟಾಸ್‌ಗೆ ಅಂಟಿಕೊಂಡಿದೆ ಎಂದು ನನ್ನ ಎಣಿಕೆ. ತೋಟದ ಕೆಲಸಕ್ಕೆ ಹೊರಟ ಮನುಷ್ಯನ ಸಾವಿನ ಸುದ್ದಿಗೆ ನಾನಾದರೆ ಎರಡನ್ನೂ ಬಳಸುವುದಿಲ್ಲ, ‘ಕಿಲ್ಡ್’ ಎಂದು ಬರೆಯುತ್ತೇನೆ.

ಪ್ರಶ್ನೆ: ನಾನು ಧಾರವಾಡದವ, ಸೋಮವಾರಪೇಟೆಗೆ ವರ್ಗವಾಗಿ ಬಂದಿದ್ದೇನೆ. ‘ಕಸ ಒಗದು ಬಾ’ ಎಂದರೆ ಹುಡುಗ ‘ಕಸವನ್ನು ಯಾಕೆ ಒಗೆಯಬೇಕು ಸರ್, ಸೋಪು ಎಲ್ಲಿದೆ’ ಎಂದ. ಯಾರದು ಸರಿ? — ಶಿಕ್ಷಕರು

ಉತ್ತರ: ಇಬ್ಬರದೂ. ನಿಮ್ಮ ಕಡೆ ಒಗೆ ಎಂದರೆ ಎಸೆ, ನಮ್ಮ ಕಡೆ ಆಡುಮಾತಿನಲ್ಲಿ ಹೆಚ್ಚಾಗಿ ಬಟ್ಟೆಗೆ. ಹಳಗನ್ನಡದಲ್ಲಿ ಅದಕ್ಕೆ ಹುಟ್ಟು ಎಂಬ ಅರ್ಥವೂ ಇತ್ತು. ಬಟ್ಟೆಯನ್ನೂ ಕಲ್ಲಿಗೆ ಎತ್ತಿ ಒಗೆಯುತ್ತೇವಲ್ಲ, ಜಗಳ ಅಲ್ಲಿಗೇ ಮುಗಿಸಿ. ಇಲ್ಲಿ ಇರುವಷ್ಟು ದಿನ ‘ಬಿಸಾಡು’ ಎನ್ನಿ.

ಪ್ರಶ್ನೆ: ವ್ಯೂ ಪಾಯಿಂಟ್ ಹತ್ತಿರ ಪ್ರವಾಸಿಗರಿಗಾಗಿ ಬೋರ್ಡ್ ಬರೆಸುತ್ತಿದ್ದೇವೆ. ‘ಡೋಂಟ್ ಥ್ರೋ ಡಸ್ಟ್’ ಸರಿಯೇ? — ಪಂಚಾಯಿತಿ ಸದಸ್ಯೆ

ಉತ್ತರ: ಡಸ್ಟ್ ಎಂದರೆ ಧೂಳು. ಡಸ್ಟ್‌ಬಿನ್ನಿನಿಂದಾಗಿ ನಮಗೆಲ್ಲ ಅದು ಕಸವಾಗಿಬಿಟ್ಟಿದೆ. ಕಾರಿನ ಕಿಟಕಿಯಿಂದ ಚಿಪ್ಸ್ ಪೊಟ್ಟಣ, ಬಾಟಲಿ ಬಿಸಾಡುವವರಿಗೆ ‘ಡು ನಾಟ್ ಲಿಟರ್’. ರಾತ್ರಿ ಪಿಕಪ್ಪಿನಲ್ಲಿ ತಂದು ಸುರಿಯುವವರಿಗೆ ‘ಡು ನಾಟ್ ಡಂಪ್ ಗಾರ್ಬೇಜ್ ಹಿಯರ್’. ನಿಮಗೆ ಎರಡು ಜಾತಿಯ ಜನರೂ ಬರುವುದರಿಂದ ಎರಡನ್ನೂ ಬರೆಸಿ, ಮೇಲೆ ದೊಡ್ಡದಾಗಿ ಕನ್ನಡದಲ್ಲಿ ‘ಇಲ್ಲಿ ಕಸ ಹಾಕಬೇಡಿ’. ದಂಡದ ಮೊತ್ತ ಎಷ್ಟೆಂದು ಪಂಚಾಯಿತಿಯಲ್ಲಿ ತೀರ್ಮಾನವಾಗಿದ್ದರೆ ಅದೂ ಕೆಂಪಕ್ಷರದಲ್ಲಿ ಇರಲಿ. ಬೋರ್ಡಿನ ಪಕ್ಕದಲ್ಲೇ ಒಂದು ಡಬ್ಬವನ್ನೂ ಇಡಿಸಿ, ಮಂಗ ತೆರೆಯಲಾಗದ ಮುಚ್ಚಳದ್ದು.